ಬೇಲಿ ಕೆಳಗಿನ ಸಂದು: ಟೋಪಾಜ್ ಸೋಲಾರ್ ಫಾರ್ಮ್ ಮತ್ತು ಒಂದು ಪುಟ್ಟ ನರಿ

ಸೋಲಾರ್ ಫಾರ್ಮಿಗೆ ಬೇಲಿ ಹಾಕುವಾಗ ಎಲ್ಲರೂ ನೋಡುವುದು ಒಂದೇ. ಜಾಲರಿ ನೆಲಕ್ಕೆ ಸರಿಯಾಗಿ ಕೂತಿದೆಯಾ, ಎಲ್ಲಾದರೂ ಸಂದು ಉಳಿದಿದೆಯಾ? ಸಂದು ಕಂಡರೆ ಮಣ್ಣೋ ಕಲ್ಲೋ ಹಾಕಿ ಮುಚ್ಚಿಸುತ್ತಾರೆ. ಕ್ಯಾಲಿಫೋರ್ನಿಯಾದ ಕ್ಯಾರಿಜೊ ಬಯಲಿನಲ್ಲಿ ಮಾಡಿದ್ದು ಇದಕ್ಕೆ ಉಲ್ಟಾ. ಬೇಲಿಯ ಅಡಿಯಲ್ಲಿ ನಾಲ್ಕಾರು ಇಂಚು ಸಂದು ಬಿಟ್ಟರು. ಮರೆತು ಬಿಟ್ಟದ್ದಲ್ಲ, ಬೇಕಂತಲೇ ಬಿಟ್ಟದ್ದು.

ಆ ಸಂದು ಒಂದು ನರಿಗಾಗಿ. ಹೆಸರು ಸ್ಯಾನ್ ವಾಕೀನ್ ಕಿಟ್ ಫಾಕ್ಸ್. ನರಿ ಅಂದ ತಕ್ಷಣ ದೊಡ್ಡದು ಅಂದುಕೊಳ್ಳಬೇಡಿ. ಇದು ಗುಳ್ಳೆನರಿಯ ಬಳಗದ್ದೇ, ಆದರೆ ಇನ್ನೂ ಚಿಕ್ಕದು. ಮನೆಯ ಬೆಕ್ಕಿನಷ್ಟೇ ಇರುತ್ತದೆ, ಎರಡು ಎರಡೂವರೆ ಕಿಲೋ ತೂಗಿದರೆ ಹೆಚ್ಚು. ಕಿವಿ ಮಾತ್ರ ಮೈಗೆ ಹೋಲಿಸಿದರೆ ಬಲು ದೊಡ್ಡದು.

ಟೋಪಾಜ್ ಸೋಲಾರ್ ಫಾರ್ಮಿನ ಸಾಮರ್ಥ್ಯ 550 ಮೆಗಾವ್ಯಾಟ್. 2014ರ ನವೆಂಬರಿನಲ್ಲಿ ಪೂರ್ತಿಯಾದಾಗ ಜಗತ್ತಿನಲ್ಲೇ ಅಷ್ಟು ದೊಡ್ಡ ಸೋಲಾರ್ ಸ್ಥಾವರ ಇನ್ನೊಂದಿರಲಿಲ್ಲ. ಸುಮಾರು 4,700 ಎಕರೆಯಲ್ಲಿ 90 ಲಕ್ಷ ಪ್ಯಾನಲ್‌ಗಳು. ಇಷ್ಟು ದೊಡ್ಡ ಕಾರ್ಖಾನೆ ಅಳಿವಿನ ಅಂಚಿನ ಪ್ರಾಣಿಯೊಂದರ ನೆಲದ ಮೇಲೆ ಬಂತು. ಆದರೂ ಆ ಪ್ರಾಣಿ ಅಲ್ಲಿಂದ ಓಡಿಹೋಗಲಿಲ್ಲ. ಅಲ್ಲೇ ಬೇಟೆಯಾಡಿತು, ಅಲ್ಲೇ ಮರಿ ಹಾಕಿತು. ಇದು ಹೇಗಾಯ್ತು, ಇದರಲ್ಲಿ ಎಷ್ಟು ನಿಜವಾದ ಲಾಭ, ಎಷ್ಟು ಸುಮ್ನೆ ಹೇಳಿಕೊಳ್ಳುವುದು ಅನ್ನುವುದೇ ಈ ಬರಹ.

ಮೊದಲು ಜಾಗದ ಕಥೆ

ಕ್ಯಾರಿಜೊ ಸುಮಾರು 50 ಮೈಲಿ ಉದ್ದದ ಹುಲ್ಲು ಬಯಲು. ಸ್ಯಾನ್ ಲೂಯಿ ಒಬಿಸ್ಪೊ ಕೌಂಟಿಯ (ನಮ್ಮ ಜಿಲ್ಲೆ ಇದ್ದಂತೆ) ಒಳಭಾಗದಲ್ಲಿದೆ. ಪೂರ್ವಕ್ಕೆ ಟೆಂಬ್ಲರ್ ಬೆಟ್ಟಸಾಲು, ಅದರ ಬುಡದಲ್ಲೇ ಸ್ಯಾನ್ ಆಂಡ್ರಿಯಾಸ್ ಬಿರುಕು. ನಡುವೆ ಸೋಡಾ ಲೇಕ್ ಅನ್ನುವ ಉಪ್ಪು ಕೆರೆ. ಬೇಸಿಗೆಯಲ್ಲಿ ಅದರಲ್ಲಿ ನೀರಿರುವುದಿಲ್ಲ, ಬರೀ ಬಿಳಿ ಉಪ್ಪು ಹೊಳೆಯುತ್ತಿರುತ್ತದೆ. ಮಳೆ ಬೀಳುವುದು ಚಳಿಗಾಲದಲ್ಲಿ, ಅದೂ ಅಷ್ಟಕ್ಕಷ್ಟೇ. 2001ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಈ ಬಯಲಿನ ದೊಡ್ಡ ಭಾಗವನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ಉತ್ತರದ ತುದಿ ಮಾತ್ರ ಖಾಸಗಿ ಜಮೀನಾಗಿಯೇ ಉಳಿಯಿತು. ಮಳೆ ನಂಬಿ ಗೋಧಿ, ಬಾರ್ಲಿ ಬಿತ್ತುವ ಹೊಲಗಳು, ದನ ಮೇಯಿಸುವ ಬಯಲು. ಟೋಪಾಜ್ ಬಂದದ್ದು ಈ ತುದಿಗೆ.

ಯಾಕೆ ಇಲ್ಲಿಗೇ? ಮೂರು ಕಾರಣ ಎದ್ದು ಕಾಣುತ್ತವೆ. ಬಿಸಿಲು ಧಾರಾಳ. ನೆಲ ಸಪಾಟು. ಮೂರನೆಯದು ಸಾಮಾನ್ಯವಾಗಿ ಯಾರೂ ಹೇಳದೆ ಬಿಡುವ ಕಾರಣ: ಮಾರೊ ಬೇ ಮತ್ತು ಮಿಡ್‌ವೇ ನಡುವಿನ 230 ಕಿಲೋವೋಲ್ಟ್ ಹೈ ಟೆನ್ಷನ್ ಲೈನು ಆಗಲೇ ಅಲ್ಲಿ ಹಾದುಹೋಗಿತ್ತು. ಹೊಸ ಲೈನು ಎಳೆಯುವುದೆಂದರೆ ಹೊಸ ಕಂಬ, ಹೊಸ ರಸ್ತೆ, ಇನ್ನಷ್ಟು ಮೈಲಿ ಅಗೆತ. ಲೈನಿನ ಪಕ್ಕದಲ್ಲೇ ಸ್ಥಾವರ ಇದ್ದರೆ ಅದೆಲ್ಲ ಉಳಿಯುತ್ತದೆ.

ಇದೇ ಬಯಲಿನಲ್ಲಿ ಹಿಂದೆಯೂ ಒಂದು ಸೋಲಾರ್ ಸ್ಥಾವರ ಇತ್ತು. 1983ರಲ್ಲಿ ಆರ್ಕೊ ಸೋಲಾರ್ ಕಂಪನಿ 5.2 ಮೆಗಾವ್ಯಾಟ್‌ನದು ಕಟ್ಟಿತ್ತು, ಆಗ ಅದೇ ಜಗತ್ತಿನಲ್ಲಿ ದೊಡ್ಡದು. ಬಿಸಿಲು ಜಾಸ್ತಿ ಬೀಳಲಿ ಅಂತ ಪ್ಯಾನಲ್‌ಗಳ ಪಕ್ಕಕ್ಕೆ ಕನ್ನಡಿ ಹಾಕಿದರು. ಆ ಶಾಖಕ್ಕೆ ಪ್ಯಾನಲ್ ಒಳಗಿನ ಪದರ ಕಂದು ಬಣ್ಣಕ್ಕೆ ತಿರುಗಿತು, ವಿದ್ಯುತ್ ಇಳಿಯಿತು. 1990ರ ದಶಕದಲ್ಲಿ ಎಲ್ಲ ಕಳಚಿ, ಪ್ಯಾನಲ್‌ಗಳನ್ನು ಸೆಕೆಂಡ್ ಹ್ಯಾಂಡ್ ಮಾಲಾಗಿ ಮಾರಿದರು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇನ್ನು ನರಿಯ ಕಥೆ. ಬೆಟ್ಟದ ಆಚೆಗಿರುವ ಸ್ಯಾನ್ ವಾಕೀನ್ ಕಣಿವೆ ಅದರ ಹಳೆಯ ಮನೆ. ಕಳೆದ ಶತಮಾನದಲ್ಲಿ ಆ ಕಣಿವೆಯ ನೆಲವೆಲ್ಲ ಹತ್ತಿ, ಬಾದಾಮಿ, ದ್ರಾಕ್ಷಿ ತೋಟಗಳಾಯಿತು, ತೈಲ ಬಾವಿಗಳಾಯಿತು, ಊರುಗಳಾಯಿತು. ನರಿಗೆ ಉಳಿದದ್ದು ಅಲ್ಲೊಂದು ಇಲ್ಲೊಂದು ತುಂಡು. 1967ರಲ್ಲೇ ಅಮೆರಿಕ ಸರ್ಕಾರ ಇದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿತು. ಈಗ ಈ ನರಿಗೆ ಮೂರು ಮುಖ್ಯ ನೆಲೆಗಳಿವೆ. ಕ್ಯಾರಿಜೊ ಅವುಗಳಲ್ಲಿ ಒಂದು. ಬೇಕರ್ಸ್‌ಫೀಲ್ಡ್ ನಗರದ ಒಳಗೂ ಕಿಟ್ ಫಾಕ್ಸ್‌ಗಳಿವೆ. ಶಾಲೆ ಆವರಣ, ಗಾಲ್ಫ್ ಮೈದಾನ, ಮಳೆನೀರಿನ ಗುಂಡಿ, ಎಲ್ಲಿ ಬೇಕಾದರೂ ಬಿಲ ಮಾಡಿಕೊಂಡಿವೆ. ಅಂದರೆ ಈ ಪ್ರಾಣಿಗೆ ಮನುಷ್ಯರ ಪಕ್ಕ ಬದುಕುವುದು ಗೊತ್ತು. ಟೋಪಾಜ್ ಯಶಸ್ಸನ್ನು ಅಳೆಯುವಾಗ ಈ ಮಾತನ್ನು ಮರೆಯಬಾರದು.

ನಕ್ಷೆ ಬದಲಾದದ್ದು

ಟೋಪಾಜ್ ಯೋಜನೆ ಮೊದಲು ಆಪ್ಟಿಸೋಲಾರ್ ಅನ್ನುವ ಕಂಪನಿಯದ್ದು. 2009ರಲ್ಲಿ ಫಸ್ಟ್ ಸೋಲಾರ್ ಅದನ್ನು ಕೊಂಡಿತು. ಅದೇ ವರ್ಷ ಪಕ್ಕದಲ್ಲೇ ಆಸ್ರಾ ಅನ್ನುವ ಇನ್ನೊಂದು ಕಂಪನಿ, ಕನ್ನಡಿಯಿಂದ ನೀರು ಕಾಯಿಸಿ ಉಗಿಯಲ್ಲಿ ವಿದ್ಯುತ್ ಮಾಡುವ ತನ್ನ ಯೋಜನೆಯನ್ನು ಕೈಬಿಟ್ಟಿತು. ಅದರ ಜಮೀನನ್ನೂ ಫಸ್ಟ್ ಸೋಲಾರೇ ತೆಗೆದುಕೊಂಡಿತು. ಕೇಳಲು ಬರೀ ರಿಯಲ್ ಎಸ್ಟೇಟ್ ಸುದ್ದಿ. ಆದರೆ ನರಿಯ ಪಾಲಿಗೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಕೈಯಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಜಮೀನು ಇದ್ದಾಗ ಮಾತ್ರ ನಕ್ಷೆಯನ್ನು ಅತ್ತಿತ್ತ ಸರಿಸಲು ಸಾಧ್ಯ. ಒಳ್ಳೆಯ ಹುಲ್ಲು, ಜಾಸ್ತಿ ಬಿಲ ಇರುವ ಕಡೆಯಿಂದ ಪ್ಯಾನಲ್‌ಗಳನ್ನು ತೆಗೆದು, ಆಗಲೇ ಉತ್ತು ಉತ್ತು ಬಿಲಗಳೆಲ್ಲ ಹಾಳಾಗಿದ್ದ ಹೊಲಗಳ ಕಡೆಗೆ ತಳ್ಳಲು ಜಾಗ ಸಿಕ್ಕಿತು.

ಉತ್ತ ಹೊಲ ಅನ್ನುವುದು ಸಣ್ಣ ವಿಷಯವಲ್ಲ. ಕಿಟ್ ಫಾಕ್ಸ್ ವರ್ಷವಿಡೀ ಬಿಲದಲ್ಲಿ ಬದುಕುವ ಪ್ರಾಣಿ. ಒಂದು ನರಿಗೆ ಒಂದು ಬಿಲ ಸಾಲದು, ಹತ್ತಾರು ಬೇಕು. ಹಗಲಿನ ಬಿಸಿಲಿಗೆ, ಮರಿಗಳಿಗೆ, ಅದಕ್ಕಿಂತ ಮುಖ್ಯವಾಗಿ ಕೊಯೋಟಿ (ತೋಳದಂತೆ ಕಾಣುವ, ಈ ನರಿಗಿಂತ ದೊಡ್ಡ ಕಾಡುಪ್ರಾಣಿ) ಬೆನ್ನಟ್ಟಿದಾಗ ಹಾರಿ ಬೀಳಲಿಕ್ಕೆ. ಅದರ ಮುಖ್ಯ ಊಟವಾದ ಕಾಂಗರೂ ಇಲಿಯೂ ಬಿಲದ್ದೇ. ವರ್ಷ ಬಿಟ್ಟು ವರ್ಷ ನೇಗಿಲು ಹೊಡೆದರೆ ಇಬ್ಬರಿಗೂ ಮನೆ ಇಲ್ಲ. ಹಾಗಾಗಿ ಗೋಧಿ ಹೊಲಕ್ಕೆ ಹೋಲಿಸಿದರೆ, ಒಮ್ಮೆ ಕಂಬ ನೆಟ್ಟು ಮುಂದೆ ಉಳದೇ ಬಿಡುವ ಸೋಲಾರ್ ಫಾರ್ಮು ನರಿಗೆ ಲಾಭವೇ ಆಗಬಹುದು. ಉಳದ ಹಳೆಯ ಹುಲ್ಲುಗಾವಲಿಗೆ ಹೋಲಿಸಿದರೆ ನಷ್ಟ. ಅದೇ ಪ್ಯಾನಲ್, ಅದೇ ಬೇಲಿ. ನೆಲ ಬದಲಾದರೆ ಲೆಕ್ಕವೂ ಬದಲಾಗುತ್ತದೆ.

ಪ್ಯಾನಲ್‌ಗಳನ್ನು ಒಂದೇ ದೊಡ್ಡ ಚೌಕವಾಗಿ ಹಾಕಲಿಲ್ಲ. ತುಂಡು ತುಂಡಾಗಿ ಹಂಚಿ, ಮಧ್ಯೆ ಪ್ರಾಣಿಗಳು ಓಡಾಡಲು ಅಗಲವಾದ ಓಣಿಗಳನ್ನು ಬಿಟ್ಟರು. ನಾಸಾ ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಒಗಟಿನ ಆಟದ ತುಂಡುಗಳನ್ನು ಬಯಲಲ್ಲಿ ಹರಡಿ, ಜೋಡಿಸದೆ ಎದ್ದು ಹೋದಂತೆ.

ಇದೆಲ್ಲ ಕಂಪನಿಯ ಒಳ್ಳೆಯ ಮನಸ್ಸಿನಿಂದಲೇ ಆಯಿತು ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದ ವನ್ಯಜೀವಿ ಕಾನೂನು ತುಂಬಾ ಬಿಗಿ. ಪಟ್ಟಿಯಲ್ಲಿರುವ ಪ್ರಾಣಿಗೆ ಹಾನಿ ಆಗುವಂತಿದ್ದರೆ, ಆ ಹಾನಿಯನ್ನು ಪೂರ್ತಿಯಾಗಿ ತುಂಬಿಕೊಡಬೇಕು. ಕೌಂಟಿ 2011ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಆಗಸ್ಟ್‌ನಲ್ಲಿ ಸಿಯೆರಾ ಕ್ಲಬ್, ಡಿಫೆಂಡರ್ಸ್ ಆಫ್ ವೈಲ್ಡ್‌ಲೈಫ್, ಸೆಂಟರ್ ಫಾರ್ ಬಯೊಲಾಜಿಕಲ್ ಡೈವರ್ಸಿಟಿ ಅನ್ನುವ ಪರಿಸರ ಸಂಸ್ಥೆಗಳು ಟೋಪಾಜ್ ಜೊತೆಗೂ, ಪಕ್ಕದ 250 ಮೆಗಾವ್ಯಾಟ್‌ನ ಕ್ಯಾಲಿಫೋರ್ನಿಯಾ ವ್ಯಾಲಿ ಸೋಲಾರ್ ರ‍್ಯಾಂಚ್ ಜೊತೆಗೂ ಒಪ್ಪಂದ ಮಾಡಿಕೊಂಡವು. ಮೊದಲೇ ಕೊಡಲು ಒಪ್ಪಿದ್ದರ ಮೇಲೆ ಇನ್ನೂ ಸುಮಾರು 9,000 ಎಕರೆಯನ್ನು ವನ್ಯಜೀವಿಗಳಿಗೆಂದು ಕಾಯ್ದಿಡಬೇಕು. ಎರಡೂ ಯೋಜನೆ ಸೇರಿ ಒಟ್ಟು ಸುಮಾರು 26,000 ಎಕರೆ. ಬಯಲಿನಲ್ಲಿದ್ದ 30 ಮೈಲಿ ಹಳೆಯ ಬೇಲಿ ಕಿತ್ತು ಹಾಕಬೇಕು. ಇಲಿ ಪಾಷಾಣ ಹಾಕಲೇಬಾರದು. ಇದಕ್ಕೆ ಪ್ರತಿಯಾಗಿ ಆ ಸಂಸ್ಥೆಗಳು ಯೋಜನೆಗಳನ್ನು ತಡೆಯಲು ಹೋಗುವುದಿಲ್ಲ. ಇಷ್ಟಕ್ಕೆ ಸಮಾಧಾನವಾಗದ ಸ್ಥಳೀಯ ಗುಂಪುಗಳು ಬೇರೆಯಾಗಿ ಕೋರ್ಟಿಗೆ ಹೋದವು. ಯೋಜನೆ ನಿಲ್ಲಲಿಲ್ಲ.

ಹಣದ ಕಥೆಯೂ ಸಲೀಸಾಗಿರಲಿಲ್ಲ. ಸಾಲಕ್ಕೆ ಸರ್ಕಾರ ಜಾಮೀನು ನಿಲ್ಲುವ ಮಾತಿತ್ತು, ಅದು ಗಡುವಿನೊಳಗೆ ಆಗಲಿಲ್ಲ. ಕೊನೆಗೆ ವಾರೆನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಗುಂಪಿನ ಮಿಡ್‌ಅಮೆರಿಕನ್ ಎನರ್ಜಿ ಯೋಜನೆಯನ್ನು ಕೊಂಡಿತು. ಕಟ್ಟುವ ಕೆಲಸ ಫಸ್ಟ್ ಸೋಲಾರ್ ಬಳಿಯೇ ಉಳಿಯಿತು. ವಿದ್ಯುತ್ತನ್ನು 25 ವರ್ಷ ಕೊಳ್ಳಲು, ಮನೆಗಳಿಗೆ ವಿದ್ಯುತ್ ಹಂಚುವ ಪಿಜಿ ಅಂಡ್ ಇ ಕಂಪನಿ ಒಪ್ಪಿತ್ತು.

ಪೈಪಿನೊಳಗೆ ಇಣುಕುವ ಕೆಲಸ

2011ರ ನವೆಂಬರಿನಲ್ಲಿ ಕೆಲಸ ಶುರು. ಇಷ್ಟು ದೊಡ್ಡ ಜಾಗದಲ್ಲಿ ಕಾಮಗಾರಿ ಅಂದರೆ ಲಾರಿಗಳು, ಧೂಳು, ಮೈಲಿಗಟ್ಟಲೆ ಕೇಬಲ್ ಕಂದಕ, ರಾಶಿ ರಾಶಿ ಪೈಪು. ಕಿಟ್ ಫಾಕ್ಸ್ ಪಾಲಿಗೆ ಪೈಪು ದೊಡ್ಡ ಅಪಾಯ, ಯಾಕೆಂದರೆ ಅದರ ಕಣ್ಣಿಗೆ ಅದು ರೆಡಿಮೇಡ್ ಬಿಲ! ರಾತ್ರಿ ಸುತ್ತಾಡಿ ಬಂದು ಬೆಳಗಿನ ಜಾವ ತಂಪಾದ ಪೈಪಿನೊಳಗೆ ಸುರುಳಿ ಸುತ್ತಿ ಮಲಗಿಬಿಡುತ್ತದೆ. ಬೆಳಗ್ಗೆ ಕ್ರೇನ್ ಬಂದು ಅದನ್ನೇ ಎತ್ತುತ್ತದೆ.

ಹಾಗಾಗಿ ಕಿಟ್ ಫಾಕ್ಸ್ ಇರುವ ಕಡೆ ಯಾವುದೇ ಕಾಮಗಾರಿಗೂ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆ ಕೆಲವು ಸೂಚನೆಗಳನ್ನು ಬರೆದಿಟ್ಟಿದೆ. ಓದಿದರೆ ಯಾರೋ ಅನುಭವಸ್ಥರು ಸೈಟಿನಲ್ಲಿ ನಿಂತು ಬರೆದಂತಿದೆ. ನಾಲ್ಕು ಇಂಚು ಅಥವಾ ಹೆಚ್ಚು ಅಗಲದ ಪೈಪು ರಾತ್ರಿ ಹೊರಗಿದ್ದರೆ, ಅದನ್ನು ಹೂಳುವ, ಮುಚ್ಚುವ, ಜರುಗಿಸುವ ಮೊದಲು ಒಳಗೆ ಇಣುಕಿ ನೋಡಬೇಕು. ನರಿ ಸಿಕ್ಕರೆ ಪೈಪನ್ನು ಅಲ್ಲೇ ಬಿಟ್ಟು ಅಧಿಕಾರಿಗಳಿಗೆ ಹೇಳಬೇಕು. ಎರಡಡಿಗಿಂತ ಆಳದ ಗುಂಡಿಯನ್ನು ಸಂಜೆ ಹಲಗೆ ಹಾಕಿ ಮುಚ್ಚಬೇಕು. ಆಗದಿದ್ದರೆ, ಬಿದ್ದ ಪ್ರಾಣಿ ಹತ್ತಿ ಬರಲು ಮಣ್ಣಿನದೋ ಹಲಗೆಯದೋ ಇಳಿಜಾರು ಇರಬೇಕು. ಹಗಲು ಗಾಡಿ ಗಂಟೆಗೆ 20 ಮೈಲಿ ದಾಟಬಾರದು, ರಾತ್ರಿ ಇನ್ನೂ ನಿಧಾನ. ಊಟದ ಕಸವನ್ನು ಮುಚ್ಚಳ ಇರುವ ಡಬ್ಬಿಯಲ್ಲೇ ಹಾಕಬೇಕು. ಸೈಟಿಗೆ ಸಾಕುನಾಯಿ ತರುವಂತಿಲ್ಲ, ಬಂದೂಕೂ ಇಲ್ಲ.

ಮರಿಗಳ ಕಾಲ ಬಂದಾಗ ಇನ್ನಷ್ಟು ಎಚ್ಚರ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮರಿ ಹುಟ್ಟುತ್ತವೆ. ಬಿಲದಲ್ಲಿ ನರಿ ಇದೆಯಾ ಅಂತ ತಿಳಿಯಲು ಬಾಯಿ ಹತ್ತಿರ ನುಣುಪು ಮಣ್ಣು ಹರಡಿ ಹೆಜ್ಜೆ ಗುರುತು ನೋಡುತ್ತಾರೆ, ಇಲ್ಲವೇ ಕ್ಯಾಮೆರಾ ಇಡುತ್ತಾರೆ. ಮರಿ ಇರುವ ಬಿಲ ಅಂತ ಗೊತ್ತಾದರೆ ಸುತ್ತ ಗೆರೆ ಹಾಕಿ ಅಲ್ಲಿ ಕೆಲಸ ನಿಲ್ಲಿಸಬೇಕು. ಮರಿಗಳು ದೊಡ್ಡವಾಗಿ ತಾವಾಗಿಯೇ ಹೊರಡುವವರೆಗೆ ಬುಲ್ಡೋಜರ್ ಕಾಯಬೇಕು. ದಿನದ ಲೆಕ್ಕದಲ್ಲಿ ದುಡ್ಡು ಎಣಿಸುವ ಕಾಂಟ್ರಾಕ್ಟರ್‌ಗೆ ಇದು ಎಷ್ಟು ಕಿರಿಕಿರಿ ಅಂತ ಊಹಿಸಿಕೊಳ್ಳಬಹುದು. ಅದಕ್ಕೇ ಇಂಥದ್ದನ್ನು ಕಾಂಟ್ರಾಕ್ಟಿನಲ್ಲಿ ಮೊದಲೇ ಬರೆಯಬೇಕು. ಸೈಟಿನಲ್ಲಿ ನಿಂತು ಕೇಳಿದರೆ ಯಾರೂ ಕೊಡುವುದಿಲ್ಲ.

ಬೇಲಿ, ಹುಲ್ಲು, ಪಾಷಾಣ

ಸ್ಥಾವರಕ್ಕೆ ಬೇಲಿ ಬೇಕೇ ಬೇಕು. ಒಳಗೆ ಹೈ ವೋಲ್ಟೇಜ್ ಇದೆ, ತಾಮ್ರದ ಕಳ್ಳರಿದ್ದಾರೆ, ವಿಮೆ ಕಂಪನಿ ಇದೆ. ಸಂಜೆಗತ್ತಲಲ್ಲಿ ಬಿಲದಿಂದ ಎದ್ದು ಬಂದ ನರಿಗೆ ಎದುರಾಗುವುದು ಆಳೆತ್ತರದ ಜಾಲರಿ. ಮೂಗು ಕೆಳಗಿಟ್ಟು ಮೂಸುತ್ತದೆ. ನೆಲಕ್ಕೂ ಜಾಲರಿಗೂ ನಡುವೆ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು ಜಾಗ. ತಲೆ ತೂರಿದರೆ ಮೈ ತೂರಿದಂತೆಯೇ. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಕಿವಿ ಹಿಂದಕ್ಕೆ ಮಡಚಿ ಆಚೆಗೆ ಜಾರಿಕೊಳ್ಳುತ್ತದೆ.

ಅದರ ಹಿಂದೆಯೇ ಬಂದ ಕೊಯೋಟಿಗೆ ಆ ಸಂದು ಸಾಲದು. ಕಿಟ್ ಫಾಕ್ಸ್‌ಗಳ ಸಾವಿಗೆ ಮೊದಲ ಕಾರಣವೇ ಕೊಯೋಟಿ. ಆಮೇಲೆ ಬಾಬ್‌ಕ್ಯಾಟ್ ಅನ್ನುವ ಕಾಡುಬೆಕ್ಕು. ಕಳ್ಳರನ್ನು ತಡೆಯಲು ಹಾಕಿದ ಬೇಲಿ, ಅಡಿಯಲ್ಲಿ ನಾಲ್ಕಾರು ಇಂಚು ಬಿಟ್ಟದ್ದರಿಂದ, ಚಿಕ್ಕದನ್ನು ಒಳಗೆ ಬಿಟ್ಟು ದೊಡ್ಡದನ್ನು ಹೊರಗೆ ನಿಲ್ಲಿಸುವ ಜರಡಿಯಾಯಿತು. ಇದಕ್ಕೆ ಖರ್ಚು ಏನು ಹೇಳಿ? ಅದೇ ಕಂಬ, ಅದೇ ಜಾಲರಿ, ಸ್ವಲ್ಪ ಮೇಲೆ ಕಟ್ಟಿದ್ದಷ್ಟೇ. ಬೇಲಿ ನಿಂತ ಮೇಲೆ ಬದಲಾಯಿಸಲು ಹೋದರೆ ಮಾತ್ರ ಮೈಲಿಗಟ್ಟಲೆ ಬಿಚ್ಚಬೇಕು.

ಹುಲ್ಲಿನ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಇದೆ. ವನ್ಯಜೀವಿ ಅಂದರೆ ಹುಲ್ಲು ಎಷ್ಟು ಎತ್ತರ ಬೆಳೆದರೆ ಅಷ್ಟು ಒಳ್ಳೆಯದು ಅಂತ. ಕ್ಯಾರಿಜೊದಲ್ಲಿ ಹಾಗಲ್ಲ. ಅಲ್ಲಿ ಈಗ ಒತ್ತಾಗಿ ಬೆಳೆಯುವ ಹುಲ್ಲಿನಲ್ಲಿ ಬಹುಪಾಲು ಹೊರಗಿನಿಂದ ಬಂದದ್ದು. ಮಳೆ ಚೆನ್ನಾಗಿ ಬಂದ ವರ್ಷ ಅದು ಮೊಣಕಾಲುದ್ದ ದಟ್ಟವಾಗುತ್ತದೆ, ಒಣಗಿ ಚಾಪೆಯಂತೆ ನೆಲಕ್ಕೆ ಬೀಳುತ್ತದೆ. ಹಿಂಗಾಲಿನ ಮೇಲೆ ಕುಪ್ಪಳಿಸಿ ಓಡುವ ಕಾಂಗರೂ ಇಲಿಗೆ ಅದರಲ್ಲಿ ಓಡಲಾಗುವುದಿಲ್ಲ. ದೂರದಿಂದ ಕೊಯೋಟಿಯನ್ನು ಕಂಡು ತಪ್ಪಿಸಿಕೊಳ್ಳುವ ನರಿಗೆ ಏನೂ ಕಾಣುವುದಿಲ್ಲ. ಎರಡಕ್ಕೂ ಬೇಕಾದದ್ದು ಗಿಡ್ಡ ಹುಲ್ಲು, ಅಲ್ಲಲ್ಲಿ ಬರಿ ನೆಲ.

ಸ್ಥಾವರಕ್ಕೂ ಬೇಕಾದ್ದು ಅದೇ ಅಲ್ವಾ? ಉದ್ದ ಹುಲ್ಲು ಪ್ಯಾನಲ್‌ಗೆ ನೆರಳು. ಒಣಗಿದರೆ ಬೆಂಕಿಯ ಭಯ. ಇದಕ್ಕೆ ಇಬ್ಬರಿಗೂ ಹೊಂದುವ ಉಪಾಯ ಕುರಿ. ಹುಲ್ಲು ಎದ್ದ ಕಾಲಕ್ಕೆ ಮಂದೆ ಬಿಟ್ಟು, ಬೇಕಾದಷ್ಟು ಗಿಡ್ಡ ಆದ ಮೇಲೆ ಹೊಡೆದುಕೊಂಡು ಹೋಗುವುದು. ಕುರಿಗೆ ಪ್ಯಾನಲ್ ಅಡಿ ನುಗ್ಗುವುದು ಸುಲಭ. ಟ್ರ್ಯಾಕ್ಟರಿನಂತೆ ಕಲ್ಲು ಸಿಡಿಸಿ ಗಾಜು ಒಡೆಯುವುದಿಲ್ಲ, ಬಿಲ ಕುಸಿಯುವಂತೆ ನೆಲ ಒತ್ತುವುದಿಲ್ಲ, ಕಳೆನಾಶಕ ಸಿಂಪಡಿಸುವ ಗೋಜಿಲ್ಲ. ದನ ಬಿಡದಿರಲು ಕಾರಣ ಗೊತ್ತಿರಬಹುದು: ದನ ಕಂಬಕ್ಕೆ ಮೈ ಉಜ್ಜುತ್ತದೆ. ಮೇಕೆಯಂತೂ ಪ್ಯಾನಲ್ ಮೇಲೇ ಹತ್ತಿ ನಿಲ್ಲುತ್ತದೆ, ವೈರ್ ಕಡಿಯುತ್ತದೆ.

ಇನ್ನು ಇಲಿ ಪಾಷಾಣ. ದೊಡ್ಡ ಸ್ಥಾವರಗಳಲ್ಲಿ ಇಲಿ, ಅಳಿಲು ಕೇಬಲ್ ಕಡಿಯುವುದು ನಿಜವಾದ ತಲೆನೋವು. ಪಾಷಾಣ ಇಟ್ಟರೆ ಮುಗಿಯಿತು ಅಂತ ಯಾರಾದರೂ ಹೇಳುತ್ತಾರೆ. ಆದರೆ ಪಾಷಾಣ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಓಡಾಡುತ್ತದೆ. ನರಿಗೆ ಹಿಡಿಯಲು ಅದಕ್ಕಿಂತ ಸುಲಭದ ಬೇಟೆ ಬೇರೆ ಇಲ್ಲ. ಬೇಕರ್ಸ್‌ಫೀಲ್ಡ್ ನರಿಗಳ ಮೈಯಲ್ಲಿ ಈ ವಿಷ ಪತ್ತೆಯಾಗಿದೆ. ಟೋಪಾಜ್‌ನಲ್ಲಿ ಅದು ಪೂರ್ತಿ ನಿಷೇಧ. ನರಿಯನ್ನು ಒಳಗೆ ಬಿಟ್ಟುಕೊಂಡರೆ ಇಲಿ ಕೆಲಸವನ್ನು ಅದೇ ಸ್ವಲ್ಪ ಮಟ್ಟಿಗೆ ನೋಡಿಕೊಳ್ಳುತ್ತದೆ.

ಇದರ ಜೊತೆಗೆ ಕೃತಕ ಬಿಲಗಳನ್ನೂ ಇಟ್ಟರು. ಆಡಂಬರದ್ದೇನಲ್ಲ. ನರಿ ನುಗ್ಗುವಷ್ಟೇ ಅಗಲದ ಪೈಪನ್ನು ನೆಲದಲ್ಲಿ ಹೂತು, ಬಾಯಿ ತೆರೆದಿಡುವುದು. ಹಿಂದೆ ಗೋಧಿ ಹೊಲವಾಗಿದ್ದ ಕಡೆ ಹಳೆಯ ಬಿಲಗಳಿಲ್ಲ, ಹೊಸದು ತೋಡಲು ನರಿಗೆ ಕಾಲ ಬೇಕು. ಅಲ್ಲಿಯವರೆಗೆ ಕೊಯೋಟಿಯಿಂದ ತಪ್ಪಿಸಿಕೊಳ್ಳಲು ಒಂದು ಆಸರೆ. ಕಾಮಗಾರಿ ವೇಳೆ ಯಾವ ಪೈಪಿಗೆ ನರಿ ನುಗ್ಗದಂತೆ ಕಾದರೋ, ಅದೇ ಪೈಪನ್ನು ಆಮೇಲೆ ಅದಕ್ಕಾಗಿಯೇ ಹೂತಿಟ್ಟರು.

ನರಿಗಳು ಏನು ಮಾಡಿದವು

ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ, ಸ್ಟಾನಿಸ್ಲಾಸ್‌ನಲ್ಲಿ ಅಳಿವಿನ ಅಂಚಿನ ಪ್ರಾಣಿಗಳ ಚೇತರಿಕೆಗೆಂದೇ ಒಂದು ತಂಡ ಇದೆ. ಆ ತಂಡದ ಬ್ರಯನ್ ಸೈಫರ್ ದಶಕಗಳಿಂದ ಕಿಟ್ ಫಾಕ್ಸ್‌ಗಳ ಹಿಂದೆ ಬಿದ್ದವರು. ಸ್ಥಾವರ ನಿಂತ ಮೇಲೆ ಅವರ ತಂಡ ಸುಮಾರು ಮೂರು ವರ್ಷ ಇಲ್ಲಿ ಅಧ್ಯಯನ ಮಾಡಿತು. ಫಾರ್ಮಿನ ನರಿಗಳಿಗೆ ರೇಡಿಯೊ ಕಾಲರ್ ಹಾಕಿದರು. ಹತ್ತಿರದಲ್ಲೇ ಪ್ಯಾನಲ್ ಇಲ್ಲದ ಇನ್ನೊಂದು ಜಾಗದ ನರಿಗಳಿಗೂ ಹಾಕಿದರು.

ಈ ಎರಡನೆಯ ಜಾಗ ತುಂಬಾ ಮುಖ್ಯ. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ 2016ರವರೆಗೆ ಭಯಂಕರ ಬರ. ಕ್ಯಾರಿಜೊದಲ್ಲಿ ಹುಲ್ಲಿಲ್ಲ, ಬೀಜವಿಲ್ಲ, ಕಾಂಗರೂ ಇಲಿಗಳ ಸಂಖ್ಯೆ ಕುಸಿಯಿತು. 2017ರ ವಸಂತದಲ್ಲಿ ಮಾತ್ರ ಬಯಲು ತುಂಬಾ ಹಳದಿ ನೇರಳೆ ಹೂವು. ಇಂಥ ಏರುಪೇರಿನಲ್ಲಿ ಫಾರ್ಮಿನ ನರಿಗಳನ್ನು ಮಾತ್ರ ಎಣಿಸಿದ್ದರೆ ಏನು ಬೇಕಾದರೂ ಹೇಳಬಹುದಿತ್ತು. ಕಡಿಮೆಯಾದರೆ ಪ್ಯಾನಲ್‌ನಿಂದ, ಜಾಸ್ತಿಯಾದರೆ ಕಂಪನಿಯ ಕಾಳಜಿಯಿಂದ. ಪಕ್ಕದ ಜಾಗಕ್ಕೂ ಅದೇ ಬರ, ಅದೇ ಮಳೆ. ಹಾಗಾಗಿ ಹೋಲಿಕೆಗೆ ಅರ್ಥ ಬಂತು.

ಸಿಕ್ಕ ಉತ್ತರ ಹೀಗೆ. ನರಿಗಳು ಫಾರ್ಮನ್ನು ಬರೀ ದಾಟಿ ಹೋಗುತ್ತಿರಲಿಲ್ಲ, ಅಲ್ಲೇ ಬದುಕುತ್ತಿದ್ದವು. ಪ್ಯಾನಲ್ ಸಾಲುಗಳ ನಡುವೆ ಬಿಲ ಮಾಡಿದವು, ಮರಿ ಸಾಕಿದವು. ಬದುಕುಳಿಯುವ ಪ್ರಮಾಣ, ಮರಿ ಹಾಕುವುದು, ತಿನ್ನುವುದು, ಯಾವುದರಲ್ಲೂ ಹೊರಗಿನ ನರಿಗಳಿಗಿಂತ ಹಿಂದೆ ಬೀಳಲಿಲ್ಲ. ಬೇಲಿಯೊಳಗೆ ದೊಡ್ಡ ಬೇಟೆ ಪ್ರಾಣಿಗಳ ಕಾಟ ಕಡಿಮೆ ಇದ್ದದ್ದು ಅವಕ್ಕೆ ಅನುಕೂಲವೇ ಆಯಿತು.

ಪ್ಯಾನಲ್‌ಗಳಿಂದ ನರಿಗೆ ಒಳ್ಳೆಯದಾಯಿತು ಅಂತ ಇದನ್ನು ಓದಬಾರದು. ನೇಗಿಲು ನಿಂತದ್ದು, ಕೊಯೋಟಿ ಹೊರಗುಳಿದದ್ದು, ಪಾಷಾಣ ಇಲ್ಲದ್ದು, ಹುಲ್ಲು ಗಿಡ್ಡವಾಗಿ ಉಳಿದದ್ದು, ಅಕ್ಕಪಕ್ಕ ಸಾವಿರಾರು ಎಕರೆ ಖಾಲಿ ನೆಲ ಇದ್ದದ್ದು ಸೇರಿ ಹೀಗಾಯಿತು. ಪ್ಯಾನಲ್ ತಾನಾಗಿ ಹೆಚ್ಚೇನೂ ಮಾಡಲಿಲ್ಲ, ಕೆಡುಕನ್ನೂ ಜಾಸ್ತಿ ಮಾಡಲಿಲ್ಲ. ತುಸು ನೆರಳು ಕೊಟ್ಟಿತು, ಹದ್ದಿನ ಕಣ್ಣಿಗೆ ಮರೆಯಾಯಿತು, ಅಷ್ಟೆ.

ಲೆಕ್ಕಕ್ಕೆ ಸಿಗದವರು

ಕ್ಯಾರಿಜೊದಲ್ಲಿ ಪ್ರಾಂಗ್‌ಹಾರ್ನ್ ಅನ್ನುವ, ಜಿಂಕೆಯಂತೆ ಕಾಣುವ ಪ್ರಾಣಿ ಇದೆ. ಒಮ್ಮೆ ಅಲ್ಲಿಂದ ಮರೆಯಾಗಿ, ಮತ್ತೆ ತಂದು ಬಿಟ್ಟದ್ದು. ಉತ್ತರ ಅಮೆರಿಕದಲ್ಲಿ ಅದರಷ್ಟು ವೇಗವಾಗಿ ಓಡುವ ಪ್ರಾಣಿ ಇನ್ನೊಂದಿಲ್ಲ. ಆದರೆ ಬೇಲಿ ಹಾರುವುದು ಅದಕ್ಕೆ ಒಗ್ಗದು. ತಂತಿ ಬೇಲಿ ಸಿಕ್ಕರೆ ಅಡಿಯಲ್ಲಿ ನುಸುಳಲು ನೋಡುತ್ತದೆ. ನಾಲ್ಕಾರು ಇಂಚಿನ ಸಂದಿನಲ್ಲಿ ಅದು ಹೇಗೆ ನುಸುಳೀತು? ಅದಕ್ಕೆ ಉಳಿದದ್ದು ಪ್ಯಾನಲ್ ತುಂಡುಗಳ ನಡುವಿನ ಓಣಿ ಮತ್ತು ಹಳೆಯ ಬೇಲಿ ಕಿತ್ತ ಬಯಲು. ಬೇಲಿಯೊಳಗಿನ ನೆಲ ಅದರ ಪಾಲಿಗೆ ಹೋದಂತೆಯೇ. ಒಂದು ಪ್ರಾಣಿಗೆ ತೆರೆದ ಬಾಗಿಲು ಇನ್ನೊಂದಕ್ಕೆ ಗೋಡೆ. ವನ್ಯಜೀವಿ ಸ್ನೇಹಿ ಅನ್ನುವ ಬೋರ್ಡ್ ಕಂಡಾಗ, ಯಾವ ಜೀವಿಗೆ ಅಂತ ಕೇಳುವುದು ನ್ಯಾಯ.

ದೈತ್ಯ ಕಾಂಗರೂ ಇಲಿಯದ್ದು ಇನ್ನೊಂದು ತೊಡಕು. ಅದೂ 1987ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ನೆಲ ಕೆದಕಿ, ಬೀಜ ಕೂಡಿಟ್ಟು, ಬಿಲ ತೋಡಿ, ಇಡೀ ಬಯಲಿನ ಗಿಡಮರಗಳ ಲೆಕ್ಕವನ್ನೇ ಬದಲಿಸುವ ಜೀವಿ ಇದು. ಇದರ ಬಿಲದಲ್ಲಿ ಹಲ್ಲಿ, ಅಳಿಲು ಎಲ್ಲ ಬಾಡಿಗೆ ಇರುತ್ತವೆ. ನರಿಯಂತೆ ಮೈಲಿ ಸುತ್ತುವುದಿಲ್ಲ. ಒಂದು ಸಣ್ಣ ದಿಬ್ಬವೇ ಅದರ ಜಗತ್ತು. ಆ ದಿಬ್ಬದ ಮೇಲೆಯೇ ಕಂಬ ಬಂದರೆ ಬೇಲಿಯ ಸಂದು ಯಾವ ಉಪಯೋಗಕ್ಕೂ ಬರುವುದಿಲ್ಲ. ಪಕ್ಕದ ಸೋಲಾರ್ ರ‍್ಯಾಂಚಿನಲ್ಲಿ ಇಂಥ ಇಲಿಗಳನ್ನು ಹಿಡಿದು ಬೇರೆಡೆ ಬಿಡಬೇಕಾಯಿತು.

ಕಾಯ್ದಿಟ್ಟ ಎಕರೆಗಳ ಲೆಕ್ಕದ ಬಗ್ಗೆಯೂ ಒಂದು ಮಾತು. 26,000 ಎಕರೆ ಅಂದಾಗ ಹೊಸ ಕಾಡು ಹುಟ್ಟಿದ ಹಾಗೆ ಕೇಳಿಸುತ್ತದೆ. ಆ ನೆಲ ಮೊದಲೂ ಅಲ್ಲೇ ಇತ್ತು, ಬಹಳಷ್ಟು ಕಡೆ ನರಿಗಳೂ ಇದ್ದವು. ಬದಲಾದದ್ದು ಕಾಗದ. ಮುಂದೆ ಯಾರೂ ಉಳಬಾರದು, ಮನೆ ಕಟ್ಟಬಾರದು, ಪ್ಯಾನಲ್ಲೂ ಹಾಕಬಾರದು ಅನ್ನುವ ಶಾಶ್ವತ ಕರಾರು. ಅದಕ್ಕೆ ಬೆಲೆ ಇಲ್ಲ ಅಂತಲ್ಲ. ಬಾದಾಮಿ ತೋಟಗಳು ಹೇಗೆ ಕಣಿವೆ ನುಂಗಿದವು ಅಂತ ನೋಡಿದ ಮೇಲೆ ಆ ಕಾಗದಕ್ಕೆ ತುಂಬಾ ಬೆಲೆ ಇದೆ. ಆದರೆ ಕಳೆದುಕೊಳ್ಳದೆ ಉಳಿಸಿಕೊಂಡದ್ದನ್ನು ಗಳಿಕೆ ಅಂತ ಬರೆಯುವುದು ಸರಿಯಲ್ಲ.

ಇಪ್ಪತ್ತೈದು ವರ್ಷದ ಒಪ್ಪಂದ

2019ರ ಜನವರಿಯಲ್ಲಿ, ಟೋಪಾಜ್‌ನ ವಿದ್ಯುತ್ ಕೊಳ್ಳುವ ಪಿಜಿ ಅಂಡ್ ಇ ದಿವಾಳಿ ಅರ್ಜಿ ಹಾಕಿತು. ಅದರ ಲೈನುಗಳಿಂದ ಹೊತ್ತಿದ ಕಾಡ್ಗಿಚ್ಚುಗಳ ಪರಿಹಾರದ ಹೊರೆ ಅಷ್ಟು ದೊಡ್ಡದಿತ್ತು. ಟೋಪಾಜ್ ಕಟ್ಟಲು ಹೊರಡಿಸಿದ್ದ ಬಾಂಡುಗಳ (ಸಾಲಪತ್ರಗಳ) ರೇಟಿಂಗ್ ಜಂಕ್ ಮಟ್ಟಕ್ಕೆ ಬಿತ್ತು, ಅಂದರೆ ದುಡ್ಡು ವಾಪಸ್ ಬರುವ ನಂಬಿಕೆ ಕಡಿಮೆ ಅಂತ. ಕೊಳ್ಳುವವನೇ ಮುಳುಗಿದರೆ ಒಪ್ಪಂದದ ದರ ಉಳಿಯುತ್ತದಾ ಅನ್ನುವ ಭಯ. 2020ರಲ್ಲಿ ಕಂಪನಿ ದಿವಾಳಿಯಿಂದ ಹೊರಬಂತು, ಒಪ್ಪಂದಗಳು ಉಳಿದವು.

ಇದನ್ನು ಇಲ್ಲಿ ಯಾಕೆ ಹೇಳಿದೆ ಅಂದರೆ, ನರಿಯ ಹುಲ್ಲು ಗಿಡ್ಡವಾಗಿರುವುದು ಈ ದುಡ್ಡಿನಿಂದಲೇ. ಕುರಿ ಮಂದೆ ಕರೆಸುವುದು, ಬೇಲಿ ಅಡಿ ಮಣ್ಣು ತುಂಬಿ ಸಂದು ಮುಚ್ಚಿಹೋಗಿದೆಯಾ ಅಂತ ನೋಡುವುದು, ಹೂತ ಪೈಪುಗಳ ಬಾಯಿ ತೆಗೆಯುವುದು, ಹೊಸದಾಗಿ ಸೇರಿದ ನೌಕರನಿಗೆ ಪಾಷಾಣ ಇಡಬೇಡ ಅಂತ ಹೇಳುವುದು, ಎಲ್ಲವೂ ವರ್ಷ ವರ್ಷ ಮಾಡಬೇಕಾದ ಕೆಲಸ. ಖರ್ಚು ಕಡಿತ ಅಂತ ಬಂದಾಗ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ.

ಕಾಯ್ದಿಟ್ಟ ಜಮೀನಿನ ಕರಾರು ಶಾಶ್ವತ. ಬೇಲಿಯೊಳಗಿನ ನೆಲದ್ದು ಹಾಗಲ್ಲ. ವಿದ್ಯುತ್ ಒಪ್ಪಂದ ಮುಗಿಯುವ ಹೊತ್ತಿಗೆ ಟೋಪಾಜ್ ಪ್ಯಾನಲ್‌ಗಳೂ ಹಳೆಯದಾಗಿರುತ್ತವೆ. ಆರ್ಕೊದವರು ಹಿಂದೆ ಇದೇ ಬಯಲಿನಲ್ಲಿ ಮಾಡಿದಂತೆ, ಎಲ್ಲ ಕಳಚಿ ಲಾರಿಗೆ ತುಂಬುವ ದಿನ ಬರುತ್ತದೆ. ಅಷ್ಟರಲ್ಲಿ ನೇಗಿಲು ತಾಗದೆ ಇಪ್ಪತ್ತೈದು ವರ್ಷ ಕಳೆದ ನೆಲ ಅದು. ಸಾಲು ಸಾಲು ಕಂಬಗಳ ನಡುವೆ ಎಷ್ಟೋ ತಲೆಮಾರಿನ ನರಿಗಳು ತೋಡಿದ ಬಿಲಗಳು ಇರುತ್ತವೆ. ಕಂಬ ಕೀಳಲು ಬರುವ ಕ್ರೇನಿನವನೂ ಮತ್ತೆ ಪೈಪಿನೊಳಗೆ ಇಣುಕಿ ನೋಡಬೇಕಾಗುತ್ತದೆ.